ಮಗ್ಗದ ಪಟ್ಟಾ, ಅಜ್ಜನ ಗಡ್ಡ

ಮೊನ್ನೆ ಜಮಖಂಡಿಯಲ್ಲಿ ಹೊಸದಾಗಿ ತೆರೆದ ಸಲೂನಿಗೆ ಗಡ್ಡ ಮಾಡಿಸಲು ಹೋಗಿದ್ದೆ. ಮಧ್ಯಾಹ್ನ ಬನಹಟ್ಟಿಗೆ ಹೋಗಿ ಕಾಕಾನನ್ನು ನೋಡಬೇಕಿತ್ತು. ಬೆಳೆದ ಗಡ್ಡದಲ್ಲಿ ಹೋದರೆ ಅವನು ಕ್ಷೇಮ ಕೇಳುವುದಕ್ಕಿಂತ ಮೊದಲು ಗಡ್ಡದ ವಿಚಾರಣೆ ಮಾಡುತ್ತಾನೆ. ಸಲೂನಿನ ಒಳಗೆ ಗೋಡೆ ತುಂಬ ಕನ್ನಡಿ, ನೀಲಿ ದೀಪ, ಕುರ್ಚಿಯ ಪಕ್ಕ ಕೋಲಿಗೆ ಸಿಕ್ಕಿಸಿದ ಮೊಬೈಲು. ಅಲ್ಲಿನ ತರುಣ ಹೊಸ ಬ್ಲೇಡನ್ನು ಅರ್ಧಕ್ಕೆ ಮುರಿದು ಕತ್ತಿಯ ಹಿಡಿಯೊಳಗೆ ಕೂಡ್ರಿಸಿದ, ಮೊಬೈಲಿನಲ್ಲಿ ವಿಡಿಯೋ ಒತ್ತಿದ, ಆಮೇಲೆ ಗೋಡೆಗೆ ತೂಗಿದ್ದ ತೊಗಲಿನ ಪಟ್ಟಿಯ ಮೇಲೆ ಕತ್ತಿಯನ್ನು ಫಟ್ ಫಟ್ ಎಂದು ಬಾರಿಸತೊಡಗಿದ.

ನೀವೇ ಹೇಳಿ, ಈಗಷ್ಟೇ ಕಾಗದ ಬಿಚ್ಚಿದ ಬ್ಲೇಡಿಗೆ ತೊಗಲು ಯಾಕೆ? ಇನ್ನೊಂದು ಗಳಿಗೆಗೆ ಕಸದ ಡಬ್ಬಿಗೆ ಹೋಗುವ ವಸ್ತು ಅದು. ಕೇಳಿಯೂ ಕೇಳಿದೆ. "ನೋಡಾಕ ಛಲೋ ಕಾಣತೈತ್ರೀ ಸರ, ಮಂದಿ ಲೈಕ್ ಹೊಡೀತಾರ" ಅಂದ. ಇವನಾದರೂ ಪ್ರಾಮಾಣಿಕ ಎಂದುಕೊಂಡು ಕಣ್ಣು ಮುಚ್ಚಿದೆ. ಆ ಸಪ್ಪಳ ನನ್ನನ್ನು ನೇರ ಕಾಕಾನ ಪಡಸಾಲೆಗೆ ಒಯ್ದು ಕೆಡವಿತು.

ಕಾಲೇಜು ಓದುವಾಗ ನಾನು ಬನಹಟ್ಟಿಯಲ್ಲಿ ಕಾಕಾನ ಮನೆಯಲ್ಲಿದ್ದೆ. ಕಾಕಾನ ತಂದೆ, ಅಂದರೆ ನನ್ನ ಅಜ್ಜ, ಆಗಿನ್ನೂ ಇದ್ದ. ಅಜ್ಜನ ಬಳಿ ಒಂದು ಹಳೆಯ ಕ್ಷೌರದ ಕತ್ತಿಯಿತ್ತು, ಮಡಚುವಂಥದ್ದು. ಬೆಳಿಗ್ಗೆ ಕಿಟಕಿಯ ಸರಳಿಗೆ ತನ್ನ ತೊಗಲಿನ ಪಟ್ಟಿಯನ್ನು ಕಟ್ಟಿ, ಎಡಗೈಯಿಂದ ಬಿಗಿಯಾಗಿ ಜಗ್ಗಿ ಹಿಡಿದು, ಕತ್ತಿಯನ್ನು ಅದರ ಮೇಲೆ ಮಲಗಿಸಿ ತೀಡುತ್ತಿದ್ದ. ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ. ತುದಿಗೆ ಬಂದಾಗ ನಿಲ್ಲಿಸಿ, ಬೆನ್ನಿನ ಮೇಲೇ ಹೊರಳಿಸಿ, ಮತ್ತೆ ವಾಪಸು. ಪಕ್ಕದಲ್ಲಿ ಮಲಗಿದ್ದ ನನಗೆ ಒಂದು ದಿನವೂ ಅದರ ಸಪ್ಪಳದಿಂದ ಎಚ್ಚರವಾಗಿದ್ದಿಲ್ಲ.

ಗಡ್ಡ ಬೋಳಿಸದೆ ಅಜ್ಜ ಮನೆ ಮುಂದಿನ ಕಟ್ಟೆಗೆ ಬಂದವನಲ್ಲ. ನೂಲಿನ ವ್ಯಾಪಾರಿಗಳು ಬಾಗಿಲಲ್ಲಿ ನಿಂತಿದ್ದರೂ ಕಾಯಿಸುತ್ತಿದ್ದ. "ಗಡ್ಡಾ ಬಿಟ್ಟಂವ ಸೋಮಾರಿ ಇರ್ತಾನ, ಇಲ್ಲಾ ಏನರ ಸಂಕಟದಾಗ ಇರ್ತಾನ" ಎಂಬುದು ಅವನ ಸಿದ್ಧಾಂತ. ಆಗ ಗಡ್ಡ ಬಿಡುವ ಫ್ಯಾಶನ್ನಿನಲ್ಲಿದ್ದ ನನ್ನನ್ನು ಅವನು ಮೊದಲನೆಯ ಗುಂಪಿಗೆ ಸೇರಿಸಿದ್ದ. ತಪ್ಪೇನಿರಲಿಲ್ಲ.

ಅಂಥ ಅಜ್ಜನಿಗೆ ಲಕ್ವಾ ಹೊಡೆದು ಬಲಗೈ ಬಿದ್ದಿತು. ಓಣಿಯ ಕ್ಷೌರದವನನ್ನು ಮನೆಗೆ ಕರೆಸು ಎಂದು ಅವನು ಸರಳವಾಗಿ ಹೇಳಿದ. ಕಾಕಾ ಕೇಳಬೇಕಲ್ಲ. "ಮಗಾ ಇರೂಮುಂದ ಹೊರಗಿನವರ ಕೈಯಾಗ ಗಲ್ಲಾ ಯಾಕ ಕೊಡ್ತಿ ಯಪ್ಪಾ?" ಎಂದು ನಾಲ್ಕು ಮನೆಗೆ ಕೇಳುವಂತೆ ಹೇಳಿದ. ಕಾಕಾನ ಪಿತೃಭಕ್ತಿ ಯಾವಾಗಲೂ ನಾಲ್ಕು ಮನೆಗೆ ಕೇಳುವಷ್ಟು ಇರುತ್ತಿತ್ತು.

ಅಜ್ಜನ ಪಟ್ಟಿ ಹಳೆಯದು, ಸಣ್ಣದು, ತನ್ನ ಘನತೆಗೆ ತಕ್ಕುದಲ್ಲ ಎಂದು ಕಾಕಾನಿಗೆ ಅನಿಸಿತು. ನಮ್ಮ ಮಗ್ಗದವರಿಗೆ ಒಂದು ನಂಬಿಕೆಯಿದೆ: ಮಗ್ಗದಲ್ಲಿ ನಡೆದದ್ದು ಎಲ್ಲೆಲ್ಲೂ ನಡೆಯುತ್ತದೆ. ಕಾಕಾ ಶೆಡ್ಡಿಗೆ ಹೋಗಿ, ಮೋಟರಿನಿಂದ ಮಗ್ಗಕ್ಕೆ ಓಡುತ್ತಿದ್ದ ಹಳೆಯ ತೊಗಲಿನ ಪಟ್ಟಾವನ್ನು ಒಂದು ಮಾರು ಕತ್ತರಿಸಿ ತಂದ. ಆ ಪಟ್ಟಾ ಗಾಲಿಯ ಮೇಲೆ ಜಾರಬಾರದೆಂದು ವರ್ಷಗಟ್ಟಲೆ ರಾಳ ಉಣಿಸಿರುತ್ತಾರೆ. ಎಣ್ಣೆ, ಧೂಳು, ಕಬ್ಬಿಣದ ಸಣ್ಣ ಪುಡಿ ಎಲ್ಲವೂ ಆ ರಾಳಕ್ಕೆ ಅಂಟಿ ಕೂತಿರುತ್ತವೆ. ಗಾಲಿ ಹಿಡಿಯಲು ಹುಟ್ಟಿದ ತೊಗಲಿನ ಮೇಲೆ ಕತ್ತಿ ಜಾರಲಿ ಎಂದು ಬಯಸಿದವನು ಇಡೀ ಬನಹಟ್ಟಿಯಲ್ಲಿ ಕಾಕಾ ಒಬ್ಬನೇ ಇರಬೇಕು.

ಅದನ್ನಾದರೂ ಬಿಗಿಯಾಗಿ ಹಿಡಿದನೇ? ಜೋಳಿಗೆಯ ಹಾಗೆ ಸಡಿಲ ಬಿಟ್ಟ. ಸಡಿಲ ಪಟ್ಟಿ ಕತ್ತಿಯ ಬಾಯಿಗೆ ಸುತ್ತಿಕೊಂಡು ಅದನ್ನು ಗುಂಡಗೆ ಮಾಡುತ್ತದೆ. ಮೇಲೆ ಮೈಭಾರವೆಲ್ಲ ಹಾಕಿ ಒತ್ತಿದ. ಬೆನ್ನು ಎತ್ತಿ ಬಾಯಿಯನ್ನೇ ತೊಗಲಿಗೆ ಕೊಟ್ಟ. ತುದಿಯಲ್ಲಿ ನಿಲ್ಲದೆ ಮಣಿಕಟ್ಟನ್ನು ಗರ್ರನೆ ತಿರುವಿ ಬಾರಿಸಿದ, ಯಾಕೆಂದರೆ ಸಪ್ಪಳ ಬರುವುದು ಅಲ್ಲೇ. ಕೂದಲಿಗಿಂತ ತೆಳ್ಳಗಿನ ಆ ಅಂಚು ವಾರದೊಳಗೆ ಒಂದು ಮಗ್ಗುಲಿಗೆ ಹೊರಳಿ ಕೂತಿತು. ಬೆಳಕಿಗೆ ಹಿಡಿದರೆ ಅಂಚಿನುದ್ದಕ್ಕೂ ಬಿಳಿ ಗೆರೆ ಹೊಳೆಯುತ್ತಿತ್ತು. ಹರಿತವಾದ ಅಂಚು ಹೊಳೆಯುವುದಿಲ್ಲ, ಕಾಣುವುದೇ ಇಲ್ಲ. ಕಾಕಾ ಮಾತ್ರ ಆ ಗೆರೆಯನ್ನು ಬಂದವರಿಗೆ ತೋರಿಸಿ "ಹೆಂಗ ಹೊಳಿತೈತಿ ನೋಡ್ರಿ" ಎನ್ನುತ್ತಿದ್ದ.

ಕತ್ತಿ ಕೂದಲನ್ನು ಕೊಯ್ಯುವುದು ಬಿಟ್ಟು ಕೀಳತೊಡಗಿತು. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಕಾಕಾ ಮೊದಲು ಸಬಕಾರ ಕೆಟ್ಟದ್ದೆಂದ, ಆಮೇಲೆ ನೀರು ಸವಳು ಎಂದ, ಕಡೆಗೆ ಅಪ್ಪನ ಗಡ್ಡವೇ ಬಿರುಸಾಗಿದೆ ಎಂದ. ಮತ್ತಷ್ಟು ಜೋರಾಗಿ ಪಟ್ಟಾ ಬಾರಿಸಿದ, ಕತ್ತಿ ಮತ್ತಷ್ಟು ಕೆಟ್ಟಿತು. ಅಜ್ಜ ಕುರ್ಚಿಯ ಕೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದು ಕೂಡುತ್ತಿದ್ದ. ಕಣ್ಣಿನಿಂದ ನೀರು ಇಳಿದು ನೊರೆಯಲ್ಲಿ ದಾರಿ ಮಾಡುತ್ತಿತ್ತು.

ಇನ್ನು ಕೇಳಿ. ಕಾಕಾ ಆ ನೀರನ್ನೂ ಬಿಡಲಿಲ್ಲ. ನೂಲಿನ ಅಂಗಡಿಯಲ್ಲಿ, ಚಹಾದ ಅಂಗಡಿಯಲ್ಲಿ, ರಬಕವಿಯ ಬೀಗರ ಮನೆಯಲ್ಲಿ ಹೇಳಿದ್ದೇ ಹೇಳಿದ್ದು: "ಮಗನ ಸೇವಾ ನೋಡಿ ಅಪ್ಪನ ಕಣ್ಣಾಗ ನೀರ ಬರತಾವ." ಕೇಳಿದವರು ತಲೆದೂಗಿ ತಮ್ಮ ಮಕ್ಕಳನ್ನು ಬೈದರು. ನನಗೆ ಮೈ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಅಜ್ಜ ಇನ್ನು ಗಡ್ಡ ಬೇಡವೆಂದ. ಮಗನನ್ನು ಬೈಯಲಿಲ್ಲ, ಕಾರಣ ಹೇಳಲಿಲ್ಲ, ಬಿಟ್ಟುಬಿಟ್ಟ. ಅಪ್ಪ ದೇವರಿಗೆ ಹರಕೆ ಹೊತ್ತಿದ್ದಾನೆಂದು ಕಾಕಾ ಊರಿಗೆಲ್ಲ ಸಾರಿದ. ಅಜ್ಜ ಆಮೇಲೆ ಕಟ್ಟೆಗೆ ಬರುವುದನ್ನೇ ನಿಲ್ಲಿಸಿದ. ಒಳಕೋಣೆಯಲ್ಲಿ ಬಿಳಿ ಗಡ್ಡ ಇಳಿಬಿಟ್ಟುಕೊಂಡು ಕೂತು, ಹಾಗೆಯೇ ತೀರಿಕೊಂಡ. ಆ ಗಡ್ಡದ ಫೋಟೋವೇ ಇವತ್ತಿಗೂ ಪಡಸಾಲೆಯಲ್ಲಿ ತೂಗುತ್ತಿದೆ. ಹೊಸಬರು ಯಾರೋ ಸಾಧುಪುರುಷರೆಂದು ಕೈಮುಗಿಯುತ್ತಾರೆ. ಕಾಕಾನ ಮುಖಕ್ಕೆ ಹೊಡೆದಂತೆ ಹೇಳಬೇಕಾದ ಒಂದು ಮಾತನ್ನು ನಾನು ಅಂದಿನಿಂದ ನಾಲಿಗೆಯ ಮೇಲೆ ಇಟ್ಟುಕೊಂಡು ತಿರುಗಿದ್ದೇನೆ.

ಸಲೂನಿನ ತರುಣ ಎರಡನೆಯ ಎಳೆತಕ್ಕೇ ನನ್ನ ಕಣ್ಣಲ್ಲಿ ನೀರು ತರಿಸಿದ. ಹೊಸ ಬ್ಲೇಡನ್ನೂ ಕೆಡಿಸಬಹುದೆಂದು ಅವನಿಂದ ಕಲಿತೆ. ಉರಿಯುವ ಗಲ್ಲ ಹೊತ್ತು, ಅದೇ ಸಿಟ್ಟಿನಲ್ಲಿ ಬಸ್ಸು ಹತ್ತಿದೆ. ಇವತ್ತು ಹೇಳಿಯೇಬಿಡುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಕಾಕಾ ಅಜ್ಜನ ಫೋಟೋದ ಕೆಳಗೆ ಕೂತಿದ್ದ. ಮುಖದ ಮೇಲೆ ಬೆರಳಗಲ ಬಿಳಿ ಗಡ್ಡ. ಕೈ ನಡುಗುತ್ತದಂತೆ, ತಾನೇ ಮಾಡಿಕೊಳ್ಳಲಾಗುವುದಿಲ್ಲವಂತೆ. ಮಗ ಮಾಡುವುದಿಲ್ಲವೇ ಎಂದೆ, ಬೇಕೆಂದೇ.

"ಮಾಡತೇನಿ ಅಂತಾನ. ನಾನ ಬ್ಯಾಡ ಅಂದೇನಿ."

ಅವನು ನನ್ನ ಕೆಂಪಾದ ಗಲ್ಲವನ್ನು ಬಹಳ ಹೊತ್ತು ನೋಡಿದ.

"ಕಣ್ಣಾಗ ನೀರ ಬಂತೇನ?"

"ಬಂತು ಕಾಕಾ."

"ಆಗ ನನಗ ಗೊತ್ತಾಗಿದ್ದಿಲ್ಲ. ಅಪ್ಪ ಗಡ್ಡಾ ಬಿಟ್ಟಮ್ಯಾಲೆ ಗೊತ್ತಾತು. ಅಂವ ಸೋಮಾರಿ ಅಂತೂ ಇದ್ದಿಲ್ಲಲಾ."

ನನ್ನ ಮಾತನ್ನು ಅವನೇ ಆಡಿಬಿಟ್ಟಿದ್ದ. ಇಷ್ಟು ವರ್ಷ ಅದು ಅವನ ನಾಲಿಗೆಯ ಮೇಲೂ ಇತ್ತೆಂದು ನನಗೆ ಹೊಳೆದಿರಲಿಲ್ಲ. ಓಣಿಯ ತುದಿಯಲ್ಲಿ ಕ್ಷೌರದ ಅಂಗಡಿಯಿದೆ, ಮನೆಗೇ ಕರೆದು ತರುತ್ತೇನೆಂದು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಕಾಕಾ ಬೇಡವೆನ್ನಲಿಲ್ಲ. ಬಾಗಿಲು ದಾಟುವಾಗ ಹಿಂದಿನಿಂದ ಅವನ ದನಿ ಬಂತು, ನಾಲ್ಕು ಮನೆಗೆ ಕೇಳುವಂಥದ್ದಲ್ಲ, ನನಗೊಬ್ಬನಿಗೇ ಕೇಳುವಷ್ಟು:

"ಸಪ್ಪಳಾ ಮಾಡದಂವನ್ನ ಕರಕೊಂಡ ಬಾರಪಾ."