ಬುರ್ಗಿಯಕ್ಕನ ಹಾಜರಿ
ಆಸ್ಟ್ರಿಯಾದ ನಮ್ಮ ಟಿರೋಲ್ ಕಣಿವೆಯಲ್ಲಿ ಹೊಸ ಹಿಮ ಬಿತ್ತೆಂದರೆ ಬೆಳಿಗ್ಗೆ ಬೆಟ್ಟ ಹತ್ತಿಸುವ ಲಿಫ್ಟಿನ ಬುಡದಲ್ಲಿ ಬುರ್ಗಿಯಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾಳೆ. ಸ್ನೋಬೋರ್ಡ್ ಹಿಡಿದು ಬಂದವರನ್ನು ಹದಮಾಡಿದ ಹಾದಿಯಾಚೆ, ಮೊಣಕಾಲು ಮುಳುಗುವ ಹಿಟ್ಟಿನಂಥ ಹಿಮಕ್ಕೆ ಕರೆದೊಯ್ಯುವ ಗೈಡ್ ಅವಳು. ಹೊರಡುವ ಮೊದಲು ಪ್ರತಿಯೊಬ್ಬರ ಎದೆಗೆ ಕಟ್ಟಿದ, ಹಿಮದಡಿ ಸಿಕ್ಕವರ ಜಾಗ ತಿಳಿಸುವ ಬೀಪ್ ಪೆಟ್ಟಿಗೆ ತಟ್ಟಿ, ಚೀಲದಲ್ಲಿ ಸಲಿಕೆಯಿದೆಯೇ ಎಂದು ಇಣುಕಿ, ಹೆಸರು ಕೇಳುತ್ತಾಳೆ, ಮತ್ತೆ ಕೇಳುತ್ತಾಳೆ. ಬೇಕರಿಯ ನಾಯಿಗೂ ಹಾಜರಿ ತಪ್ಪಿದ್ದಲ್ಲ. "ಏನಕ್ಕಾ, ನಮ್ಮ ಹೆಸರನ್ನ ಮಗ್ಗಿ ಥರ ಬಾಯಿಪಾಠ ಮಾಡ್ತೀರಾ?" ಎಂದು ವಿಯೆನ್ನಾದ ಲೊರೆಂಟ್ಸ್ ರೇಗಿಸಿದರೆ, "ಹೂಂ ಕಣೋ! ಒಬ್ಬೊಬ್ಬರೇ ಇಳೀಬೇಕು, ಮಿಕ್ಕವರು ಕಣ್ಣು ಕೀಳದೆ ನೋಡ್ಬೇಕು" ಎಂದು ಗದರುತ್ತಾಳೆ. ಇಳಿಜಾರಿನ ಹಿಮ ಕುಸಿದೀತೆಂಬ ಅನುಮಾನ ಬಂದರೆ ಎಲ್ಲರನ್ನೂ ವಾಪಸು ಕರೆತಂದು ಸೂಪು ಕುಡಿಸುತ್ತಾಳೆ. ಗೊಣಗಿದವರಿಗೆ ಇನ್ನೊಂದು ಬಟ್ಟಲು. ಇಂಥ ಬಾಯಿಬಡುಕಿ, ಯಾರಾದರೂ ಹಿಮಕ್ಕಿಳಿದೊಡನೆ ಮೌನಿ. ತುಟಿ ಮಾತ್ರ ಅವರ ಹೆಸರನ್ನೇ ಜಪಿಸುತ್ತಿರುತ್ತದೆ. ಲೊರೆಂಟ್ಸ್ ಒಮ್ಮೆ ಕಾರಣ ಕೇಳಿದ. "ಹಿಂದೊಂದ್ಸಲ ನಾನೇ ಹಿಮದಡಿ ಹೂತುಹೋಗಿದ್ದೆ ಕಣೋ. ನಾನು ಕೂಗಿದ್ದು ಮೇಲಿದ್ದವರಿಗೆ ಕೇಳಿಸ್ಲಿಲ್ಲ. ಅವರು ಬುರ್ಗೀ ಬುರ್ಗೀ ಅಂತ ಕರೀತಾ ಅಗೀತಿದ್ದದ್ದು ನಂಗೆ ಕೇಳಿಸ್ತಿತ್ತು" ಎಂದಳು. ಮರುದಿನ ಹಾಜರಿಯಲ್ಲಿ ಲೊರೆಂಟ್ಸ್ ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿದ, ಆಮೇಲೆ ಪಕ್ಕದವರತ್ತ ತಿರುಗಿ, "ನಿಮ್ಮ ಹೆಸರೇನಂದ್ರಿ?" ಎಂದ.