ಖಾಸಿಂಬಿಯ ಪಾವಿಲ್ಲದ ಬರ್ಗರ್

ಖಾಸಿಂಬಿ ಹೋದ ತಿಂಗಳು ತೀರಿಕೊಂಡಳು. ಜ್ವರ ಬಂತು, ಹುಬ್ಬಳ್ಳಿಗೆ ಕರೆದುಕೊಂಡು ಹೋದರು, ಜೀವಂತ ತಿರುಗಿ ಬರಲಿಲ್ಲ. ಮಾತಾಡಿಸಲು ಬಂದವರೆಲ್ಲ ‘ಪಾಪ, ಗಂಡ ಇಲ್ಲದಾಕಿ, ಭಾಳ ಕಷ್ಟಪಟ್ಟಳು’ ಎಂದು ಹೇಳಿ ಹೋಗುತ್ತಾರೆ. ಕಷ್ಟಪಟ್ಟದ್ದು ಸುಳ್ಳಲ್ಲ. ಆದರೆ ಆ ಒಂದು ಮಾತಿನಲ್ಲಿ ಅವಳನ್ನು ಮುಗಿಸಿಬಿಡುವುದು ನನ್ನಿಂದ ಆಗುವುದಿಲ್ಲ. ನವಲಗುಂದದಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವವಳು, ಅವಳು ಜಮಖಾನ ನೇಯುವವಳು. ಗೋಡೆಯ ಆ ಕಡೆಯಿಂದ ನನಗೆ ಅಳು ಕೇಳಿಸಿದ್ದು ಕಡಿಮೆ, ನಗು ಕೇಳಿಸಿದ್ದೇ ಹೆಚ್ಚು. ಅವಳು ಯಾರು ಎಂದು ಕೇಳಿದರೆ ನಾನು ಬೆಣ್ಣಿಹಳ್ಳ ತುಂಬಿದಾಗಿನ ಆ ಬರ್ಗರಿನ ಕಥೆ ಹೇಳುತ್ತೇನೆ.

ಮೊದಲು ಮಗ್ಗದ ಮಾತು. ಜಮಖಾನದ ಮಗ್ಗವನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿರುತ್ತಾರೆ. ಇಬ್ಬರು ಹೆಂಗಸರು ಅದರ ಮುಂದೆ ಜೋಡಿಯಾಗಿ ಕೂರಬೇಕು. ಹೂವಿನ ಅರ್ಧ ಒಬ್ಬಳದು, ಉಳಿದರ್ಧ ಇನ್ನೊಬ್ಬಳದು. ಖಾಸಿಂಬಿಯ ಜೋಡಿ ಹಲೀಮಾಬಿ, ಅವಳ ಮೈದುನ ದಾವೂದಸಾಬನ ಹೆಂಡತಿ. ಆ ಮನೆಯಲ್ಲಿ ಕಸಬನ್ನು ಸೊಸೆಯರಿಗೆ ಮಾತ್ರ ಕಲಿಸುವ ಪದ್ಧತಿ. ಮಗಳಿಗೆ ಕಲಿಸಿದರೆ ಅವಳ ಹಿಂದೆಯೇ ಕಸಬೂ ಬೀಗರ ಮನೆಗೆ ಹೋಗುತ್ತದೆ ಎಂಬ ಹೆದರಿಕೆ. ಖಾಸಿಂಬಿಗೆ ಇದ್ದವಳು ಒಬ್ಬಳೇ ಮಗಳು, ಮಲಿಕಾಬಿ. ಹೀಗಾಗಿ ಹಲೀಮಾ ಎದ್ದು ಹೋದರೆ ಮಗ್ಗ ನಿಲ್ಲುತ್ತಿತ್ತು. ಮಗ್ಗ ನಿಂತರೆ ಒಲೆ ಹೊತ್ತುತ್ತಿರಲಿಲ್ಲ.

ದಾವೂದಸಾಬನಿಗೆ ಗೋವೆಯ ಬಂದರಿನಿಂದ ಹೊರಡುವ ಹಡಗಿನ ಅಡಿಗೆಮನೆಯಲ್ಲಿ ಕೆಲಸ. ೧೯೭೫ರ ಮಳೆಗಾಲದಲ್ಲಿ ಊರಿಗೆ ಬಂದವನು, ವಾಸ್ಕೋದಲ್ಲಿ ಖೋಲಿ ಹಿಡಿದಿದ್ದೇನೆ, ಹೆಂಡತಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದ. ಆಗ ಮಗ್ಗದ ಮೇಲಿನ ಜಮಖಾನ ಅರ್ಧಕ್ಕೆ ಬಂದಿತ್ತು. ಖಾಸಿಂಬಿ ಬೇಡವೆನ್ನಲಿಲ್ಲ. ಗಂಡ-ಹೆಂಡತಿಯ ನಡುವೆ ಬಂದು ಬೇಡವೆನ್ನಲು ಬಾಯಿಯಾದರೂ ಎಲ್ಲಿಯದು? ಅವರು ಟ್ರಂಕು ಕಟ್ಟಿ ಹೊರಟು ನಿಂತ ದಿನವೇ ಬೆಣ್ಣಿಹಳ್ಳ ಉಕ್ಕಿತು. ದಾರಿ ಮುಳುಗಿ ಹುಬ್ಬಳ್ಳಿ ಬಸ್ಸು ನಿಂತುಹೋಯಿತು. ಕಟ್ಟಿದ ಟ್ರಂಕು ಪಡಸಾಲೆಯಲ್ಲೇ ಉಳಿಯಿತು.

ಮಳೆಯಲ್ಲಿ ಕೂತವನಿಗೆ ಮಾತೇ ಕೆಲಸ. ಮರುದಿನ ದಾವೂದಸಾಬ ಹಡಗಿನ ಊಟದ ವರ್ಣನೆಗೆ ಇಳಿದ. ನಾನೂ ಅಲ್ಲೇ ಹೊಸ್ತಿಲ ಬಳಿ ಇದ್ದೆ, ಶಾಲೆಗೆ ಮಳೆಯ ರಜೆ.

“ಬರ್ಗರ್ ಅಂತಾರ, ಭಾಭಿ. ಖೀಮಾ ದುಂಡಗ ತಟ್ಟಿ ಹಂಚಿನ ಮ್ಯಾಲ ಬೇಯಿಸತಾರ. ಪಾವ್ ಸೀಳಿ ನಡುವ ಇಡತಾರ. ಮ್ಯಾಲ ಉಳ್ಳಾಗಡ್ಡಿ, ಹಸಿ ತಪ್ಪಲ, ಹುಳಿ ಹಿಡದ ಸೌತಿಕಾಯಿ, ಚೀಜು. ಎರಡೂ ಕೈಲೆ ಹಿಡದು ಕಚ್ಚಬೇಕು. ರಸ ಗದ್ದಕ್ಕ ಇಳೀಬೇಕು!”

“ಅಂದ್ರ ನಾವು ರೊಟ್ಟ್ಯಾಗ ಪಲ್ಯಾ ಸುತಿಗೊಂಡು ಹೊಲಕ್ಕ ಒಯ್ಯೂದನ್ನ ನಿಮ್ಮ ಕಪ್ತಾನ ಕುರ್ಚಿ ಮ್ಯಾಲ ಕುಂತು ತಿಂತಾನ,” ಎಂದಳು ಖಾಸಿಂಬಿ, ಮಗ್ಗದಿಂದ ಕಣ್ಣು ತೆಗೆಯದೆ.

“ಏ, ಅದು ಬ್ಯಾರೆ, ಇದು ಬ್ಯಾರೆ. ಈ ಊರಾಗ ಅದು ಯಾರ ಕೈಲೆನೂ ಆಗೂದಲ್ಲ.”

ಅವಳ ಕೈ ನಿಂತಿತು. ‘ಆಗೂದಲ್ಲ’ ಎಂಬ ಮಾತನ್ನು ಅವಳ ಮುಂದೆ ಯಾರೂ ಆಡಬಾರದು ಎಂದು ಓಣಿಗೆಲ್ಲ ಗೊತ್ತಿತ್ತು, ಹಡಗಿನವನಿಗೆ ಮರೆತಿತ್ತು.

“ಮಾಡಿದ್ರ ಏನ್ ಕೊಡ್ತಿ?”

“ನೀ ಕೇಳಿದ್ದು.”

“ಈ ಜಮಖಾನ ಇಳಿಯೂ ತನಕಾ ಹಲೀಮಾನ್ನ ಬಿಟ್ಟು ಹೋಗಬೇಕು.”

ದಾವೂದಸಾಬ ಹೆಂಡತಿಯ ಕಡೆ ನೋಡಿದ. ಅವಳು ತಲೆ ಎತ್ತಲಿಲ್ಲ, ನೂಲು ಬಿಡಿಸುತ್ತಲೇ ಇದ್ದಳು. “ಕಬೂಲ್,” ಎಂದ ಅವನು. “ಆದ್ರ ತಿಂದ ಮ್ಯಾಲ ನನ್ನ ನಾಲಿಗಿ ಹೌದು ಅನ್ನಬೇಕು. ಇಲ್ಲಂದ್ರ ಬಸ್ ಚಾಲೂ ಆದ ದಿನಾ ಇಕಿ ನನ್ನ ಕೂಡ.”

“ಅಕ್ಕೋರ, ಕೇಳಿದ್ರ್ಯಲ್ಲ? ನೀವ ಪಂಚರು,” ಎಂದು ನನ್ನತ್ತ ತಿರುಗಿದವಳ ಮುಖ ನೋಡಬೇಕಿತ್ತು! ಹಬ್ಬ ಬಂದವರ ಹಾಗಿತ್ತು.

ಮೊದಲ ತೊಡಕು ಪಾವಿನದು. ಅದು ನಮ್ಮೂರಿಗೆ ಬರುತ್ತಿದ್ದದ್ದು ಹುಬ್ಬಳ್ಳಿ ಬಸ್ಸಿನ ಮೇಲೆ. ಬಸ್ಸಿಲ್ಲ, ಪಾವೂ ಇಲ್ಲ. ಗೋದಿ ಹಿಟ್ಟನ್ನಾದರೂ ತಂದುಕೋ ಎಂದು ನಾನು ಅಂದರೆ ಕೇಳಲಿಲ್ಲ. ಜೋಳದ ನೆಲದಲ್ಲಿ ಹುಟ್ಟಿದವಳು, ಜೋಳದ ಹಿಟ್ಟಿನಲ್ಲಿ ಆಗದ ರೊಟ್ಟಿ ಲೋಕದಲ್ಲಿ ಇಲ್ಲ ಎಂಬುದು ಅವಳ ನಂಬಿಕೆ. ಎಸರಿಟ್ಟು ನಾದಿದಳು, ಸೋಡಾ ಹಾಕಿದಳು, ದುಂಡಗೆ ಮಾಡಿ ಮುಚ್ಚಿಟ್ಟಳು, ಉಬ್ಬಲಿ ಎಂದು ಕಾದಳು. ಜೋಳ ಎಲ್ಲಿಯಾದರೂ ಉಬ್ಬುವುದುಂಟೆ? ಕೆಂಡದ ಮೇಲಿಂದ ತೆಗೆದಾಗ ಬೇಸಿಗೆಯ ಎರೆಹೊಲದ ಹಾಗೆ ಬಿರುಕು ಬಿಟ್ಟಿತ್ತು. ದಾವೂದಸಾಬ ಒಂದನ್ನು ಎತ್ತಿ ನೆಲಕ್ಕೆ ಕುಟ್ಟಿದ, ಟಣ್ ಎಂದಿತು.

“ಭಾಭಿ, ಇವನ್ನ ಹಳ್ಳದಾಗ ಸಾಲಾಗಿ ಇಡೂಣು. ಮ್ಯಾಲೆ ಬಸ್ ದಾಟತೈತಿ!”

ಎಲ್ಲರಿಗಿಂತ ಹೆಚ್ಚು ನಕ್ಕವಳು ಖಾಸಿಂಬಿಯೇ. ಕಣ್ಣೀರು ಬರುವ ತನಕ ನಕ್ಕು, ಸೆರಗಿನಿಂದ ಒರೆಸಿಕೊಂಡು ಎದ್ದಳು. ಅಷ್ಟರಲ್ಲಿ ಸ್ಟ್ಯಾಂಡಿನ ಕಡೆಯಿಂದ ಬಂದ ಯಾರೋ ಹಳ್ಳ ಇಳಿಯುತ್ತಿದೆ, ನಾಳೆ ಮುಂಜಾನೆ ಬಸ್ಸು ಬಿಡುತ್ತಾರೆ ಎಂದು ಕೂಗಿ ಹೋದರು. ಅವಳ ನಗು ಅಲ್ಲಿಗೇ ನಿಂತಿತು. ಮಗ್ಗದ ಕಡೆ ಒಮ್ಮೆ ನೋಡಿದಳು, ನೇರ ನಮ್ಮ ಮನೆಗೆ ಬಂದಳು.

“ಅಕ್ಕೋರ, ನಿಮ್ಮ ಹಂಚು, ನಿಮ್ಮ ಬಟ್ಟಲಾ ಕೊಡ್ರಿ. ನಿಮ್ಮದು ನಿಮ್ಮ ಒಲಿ ಮ್ಯಾಲ ಬ್ಯಾರೆ ಮಾಡತೀನಿ. ಪಂಚರು ಉಪವಾಸ ಇದ್ರ ನ್ಯಾಯ ಹೆಂಗ ಹೇಳತಾರ?”

“ಪಾವಿಗೆ ಏನ್ ಮಾಡ್ತಿ?”

“ಪಾವು ಅಂದ್ರ ಏನ್ರಿ? ಹಿಡಕೊಳ್ಳಾಕ ಒಂದು ಅಂಗಿ. ಕೈಲೆ ಹಿಡದ್ರ ತಾನ ಅಂಗಿ ಬೇಕು? ಬಟ್ಟಲದಾಗ ಹಾಕಿದ್ರ?”

ಆಮೇಲಿನದು ನೋಡಲೇ ಹಬ್ಬ. ಮಲಿಕಾಬಿ ಮಳೆಯಲ್ಲೇ ಹಿತ್ತಲ ಹೊಲಕ್ಕೆ ಓಡಿ ಹಕ್ಕರಕಿ ಕಿತ್ತು ತಂದಳು. ನಾವು ರೊಟ್ಟಿಯ ಜೊತೆ ಹಸಿಯಾಗೇ ತಿನ್ನುವ ಸೊಪ್ಪು ಅದು. ಖಾಸಿಂಬಿ ಅದನ್ನು ಬಿಡಿಸಿ ಬಟ್ಟಲಿನ ತಳಕ್ಕೆ ಹಾಸಿದಳು. ಸೌತೆಕಾಯಿಯನ್ನು ತೆಳ್ಳಗೆ ಹೆಚ್ಚಿ ಉಪ್ಪು, ನಿಂಬೆಹುಳಿಯಲ್ಲಿ ನೆನೆಹಾಕಿದಳು. ಚೀಜು ಎಂದರೆ ಏನು ಎಂದು ದಾವೂದಸಾಬನನ್ನೇ ಕೇಳಿ, ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದಳು. ಅದಕ್ಕೆ ಕುಟ್ಟಿದ ಬೆಳ್ಳುಳ್ಳಿ ಮತ್ತು ಹಸಿ ಕೆಂಪು ಮೆಣಸಿನಕಾಯಿಯ ರಂಜಕ ಚಟ್ನಿ ಕಲಸಿದಾಗ ಬಣ್ಣ ಸಂಜೆಯ ಮೋಡದ ಹಾಗಾಯಿತು. ಖೀಮಾಕ್ಕೆ ಶುಂಠಿ, ಉಳ್ಳಾಗಡ್ಡಿ, ಜೀರಿಗೆ ಬೆರೆಸಿ ದಪ್ಪಗೆ ತಟ್ಟಿ, ಅಂಚು ಕರಕಲಾಗುವವರೆಗೂ ಹಂಚಿನ ಮೇಲೆ ಅಲುಗಾಡಿಸಲಿಲ್ಲ. ಖೀಮಾ ತಿನ್ನದ ನನಗಾಗಿ, ನನ್ನ ಒಲೆಯ ಮೇಲೆ ಬೇಯಿಸಿದ ಮಡಕಿ ಕಾಳು ಮತ್ತು ಶೇಂಗಾವನ್ನು ಜಜ್ಜಿ ಅದೇ ಹದ, ಅದೇ ಆಕಾರ. ಎರಡೂ ಮನೆಯ ಹೊಗೆ ಓಣಿಯಲ್ಲಿ ಒಂದಾಗಿ, ಎದುರಿನ ಬುಡನಸಾಬರ ಮನೆಯವರೂ ಬಾಗಿಲಿಗೆ ಬಂದು ನಿಂತರು.

ದಾವೂದಸಾಬನ ಮುಂದೆ ಬಟ್ಟಲು ಇಟ್ಟಳು. ತಳಕ್ಕೆ ಸೊಪ್ಪು, ಮೇಲೆ ಬಿಸಿ ಖೀಮಾ, ಅದರ ಮೇಲೆ ಉಳ್ಳಾಗಡ್ಡಿ, ಸೌತೆ, ಕೆಂಪು ಮೊಸರು.

“ಪಾವ್ ಎಲ್ಲೈತಿ?”

“ಹುಬ್ಬಳ್ಳ್ಯಾಗ ಐತಿ. ನೀ ಮೊದಲ ಉಣ್ಣು.”

ಅವನು ಬೆರಳಿನಿಂದ ಒಂದು ತುತ್ತು ಮುರಿದ. ಜಗಿದ. ಇನ್ನೊಂದು ತುತ್ತು ತಗೊಂಡ. ಓಣಿಯೆಲ್ಲ ಅವನ ಬಾಯನ್ನೇ ನೋಡುತ್ತಿತ್ತು, ನನ್ನ ಕೈಯಲ್ಲಿನ ಬಟ್ಟಲನ್ನು ನಾನೇ ಮರೆತಿದ್ದೆ. ರಸ ಅವನ ಗದ್ದಕ್ಕೆ ಇಳಿಯಿತು. ಬಟ್ಟಲು ಖಾಲಿಯಾಯಿತು, ಬೆರಳಿನಿಂದ ಅಂಚನ್ನೂ ಬಳಿದ. ಆಮೇಲೆ ಗಂಟಲು ಸರಿಮಾಡಿಕೊಂಡು, “ಪಾವಿಲ್ಲ, ಹಂಗಾಗಿ ಬರ್ಗರ್ ಅನ್ನಾಕ ಬರೂದಿಲ್ಲ,” ಎನ್ನುತ್ತಲೇ ಖಾಲಿ ಬಟ್ಟಲನ್ನು ಮುಂದೆ ಚಾಚಿದ. “ಇನ್ನೊಂದೀಟು ಹಾಕು.”

ಖಾಸಿಂಬಿ ಪಾತ್ರೆಯನ್ನು ಸೆರಗಿನ ಹಿಂದೆ ಸರಿಸಿದಳು. “ಮೊದಲ ಮಾತು ಹಾಕು, ಆಮ್ಯಾಲ ನಾ ಖೀಮಾ ಹಾಕತೀನಿ. ಬರ್ಗರ್ ಅಲ್ಲಂದ್ರ ಇನ್ನೊಂದೀಟು ಏನ್ ಬೇಡಾಕ್ಹತ್ತೀ?”

ನನ್ನ ಪಂಚಾಯ್ತಿಯೇ ಬೇಕಾಗಲಿಲ್ಲ. ಓಣಿಯವರೆಲ್ಲ ಹೋ ಎಂದು ಕೂಗಿದರು. “ಆತು ಭಾಭಿ, ಸೋತೆ!” ಎಂದ ದಾವೂದಸಾಬ, ಎರಡೂ ಕೈ ಎತ್ತಿ. “ಜಮಖಾನ ಇಳಿಯೂ ತನಕಾ ಹಲೀಮಾ ಇಲ್ಲೇ.”

ಆಗ ಹಲೀಮಾ ಎದ್ದು ನಿಂತಳು. “ನನ್ನ ಯಾರರೆ ಒಂದು ಮಾತು ಕೇಳಿದ್ರ್ಯಾ?”

ಅಷ್ಟು ಹೊತ್ತಿನ ಗದ್ದಲದಲ್ಲಿ ಅದು ಯಾರಿಗೂ ಹೊಳೆದಿರಲಿಲ್ಲ, ನನಗೂ.

“ಅರ್ಧಾ ಹೂ ಬಿಟ್ಟು ಎದ್ದು ಹೋಗಾಕಿ ನಾ ಅಲ್ಲ. ಪೈಜು ಕಟ್ಟದಿದ್ರೂ ಮುಗಿಸೇ ಹೋಗತಿದ್ದೆ. ಮುಗಿಸಿದ ಮ್ಯಾಲ ಮಾತ್ರ ನಾ ಹೋಗಾಕಿನ, ಆಪಾ. ನನಗ ಸಮುದ್ರ ನೋಡಬೇಕು.”

ಖಾಸಿಂಬಿಯ ಮುಖ ಒಂದು ಗಳಿಗೆ ಸಣ್ಣದಾಯಿತು. ಗೆದ್ದದ್ದು ಜಮಖಾನ ಮುಗಿಯುವವರೆಗೆ ಮಾತ್ರ ಎಂಬುದು ಅವಳಿಗೆ ಆಗ ತಟ್ಟಿರಬೇಕು. ಆದರೆ ಮರುಗಳಿಗೆಗೆ ಪಾತ್ರೆ ಮುಂದೆ ಬಂತು. ದಾವೂದಸಾಬ ಚಾಚಿದ ಬಟ್ಟಲನ್ನು ದಾಟಿ, ಹಲೀಮಾಳ ಕೈಗೆ ತುಂಬಿದ ಬಟ್ಟಲು ಕೊಟ್ಟಳು. “ಹೋಗು ಬೇ. ನೋಡಿ ಬಂದು ಎಷ್ಟ ಅಗಲ ಐತಿ ಅಂತ ನನಗೂ ಹೇಳು.”

ದಾವೂದಸಾಬ ಮರುದಿನದ ಬಸ್ಸಿಗೆ ಒಬ್ಬನೇ ಹೋದ. ಜಮಖಾನ ಮಗ್ಗದಿಂದ ಇಳಿದ ಮೇಲೆ ಬಂದು ಹೆಂಡತಿಯನ್ನು ಕರೆದುಕೊಂಡು ಹೋದ. ಅವರನ್ನು ಬಸ್ಸು ಹತ್ತಿಸಿ ಬಂದ ಖಾಸಿಂಬಿ ಸುಮ್ಮನೆ ಕೂರಲಿಲ್ಲ. ಹೊಸ ಹಾಸುನೂಲು ಕಟ್ಟಿ, ಮಗಳನ್ನು ಕರೆದು ಮಗ್ಗದ ಮುಂದೆ ಕೂರಿಸಿದಳು. ಮನೆತನದಲ್ಲಿ ಯಾರೂ ಮಾಡದ ಕೆಲಸ. ಓಣಿಯ ಹಿರಿಯರಾದ ಖಾದರಬಿ ಬಂದು, “ಮಗಳಿಗೆ ಕಲಿಸಿದ್ರ ಕಸಬು ಮನಿ ಬಿಟ್ಟು ಹೋಗತೈತಿ ನೋಡು,” ಎಂದು ಬೈದರು.

“ಹೋಗಲಿ ಬಿಡ್ರಿ ಚಾಚಿ. ಕುಂತಲ್ಲೇ ಸಾಯೂದಕಿಂತ ನಡಕೊಂಡು ಹೋಗೂದು ಚಲೋ,” ಎಂದಳು ಖಾಸಿಂಬಿ. ಮಲಿಕಾಬಿಯ ಬೆರಳನ್ನು ಹಿಡಿದು ಮೊದಲ ನೂಲು ದಾಟಿಸುವಾಗ ಅವಳ ಮುಖದಲ್ಲಿ ಇದ್ದದ್ದು ಹುರುಪು. ಅದಕ್ಕೆ ಬೇರೆ ಹೆಸರು ಕೊಡಲು ನನಗೆ ಬರುವುದಿಲ್ಲ.

ಹೋದ ತಿಂಗಳು ಖಾಸಿಂಬಿಯ ಮಣ್ಣಾದ ಮೇಲೆ ಕೆಲವು ದಿನ ಗೋಡೆಯ ಆ ಕಡೆ ಸದ್ದೇ ಇರಲಿಲ್ಲ. ಮೊನ್ನೆ ಹೋಗಿ ನೋಡಿದೆ. ಅವ್ವನ ಕೈಯಲ್ಲಿ ಅರ್ಧವಾಗಿದ್ದ ಹೂವನ್ನು ಮಲಿಕಾಬಿ ಮುಂದುವರಿಸುತ್ತಿದ್ದಳು. ಜೊತೆಗೆ ಕೂತು ನೇಯಲು ವಾಸ್ಕೋದಿಂದ ಹಲೀಮಾ ಬಂದಿದ್ದಾಳೆ.