ಇನ್ನೂರ ಹನ್ನೆರಡು ಕಂತು

ಗೀಸರ್ ರಿಪೇರಿಯವನಿಗೆ ಆ ಬೀದಿಯವರು ಇಟ್ಟ ಹೆಸರು ರೀಸೆಟ್. ತಪ್ಪು ಬೀದಿಯವರದಲ್ಲ. ಬಿಸಿನೀರು ಬರುತ್ತಿಲ್ಲ ಎಂದು ಯಾರು ಕರೆದರೂ ಅವನು ಬಂದು, ಸ್ಟೂಲ್ ಹತ್ತಿ, ಗೀಸರಿನ ಕೆಳಗಿನ ಮುಚ್ಚಳ ಬಿಚ್ಚಿ, ಒಳಗಿರುವ ಕೆಂಪು ಗುಂಡಿಯನ್ನು ಸ್ಕ್ರೂಡ್ರೈವರಿನ ತುದಿಯಿಂದ ಒತ್ತುತ್ತಿದ್ದ. ಕಟಕ್ ಎಂದರೆ ಕೆಲಸ ಮುಗಿಯಿತು. ಇಪ್ಪತ್ತೆರಡು ವರ್ಷದಲ್ಲಿ ಹತ್ತಕ್ಕೆ ಆರು ಗೀಸರ್ ಆ ಕಟಕ್‌ನಲ್ಲೇ ಸರಿಹೋಗಿದ್ದವು. ಮಿಕ್ಕ ನಾಲ್ಕಕ್ಕೆ ಅರ್ಧ ದಿನ ತಲೆ ಕೆಡಿಸಿಕೊಂಡದ್ದನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ. ಮಿಕ್ಸಿ ಕೆಟ್ಟರೂ, ಲಿಫ್ಟ್ ನಿಂತರೂ, ಎದುರುಮನೆಯ ಗಂಡಹೆಂಡತಿ ಮಾತು ಬಿಟ್ಟರೂ ಅವನ ಸಲಹೆ ಒಂದೇ: "ಒಂದ್ಸಲ ರೀಸೆಟ್ ಮಾಡಿ ನೋಡಿ."

ಅವನ ಸ್ವಂತ ಮನೆಯ ಗೀಸರ್ ಮಾತ್ರ ಮೂರು ತಿಂಗಳಿಂದ ತಣ್ಣಗೆ ಗೋಡೆಗಂಟಿಕೊಂಡಿತ್ತು. "ನಾಳೆ ನೋಡ್ತೀನಿ ಕಣೇ" ಎನ್ನುತ್ತಿದ್ದ. ಹೆಂಡತಿ ಒಲೆಯ ಮೇಲೆ ನೀರು ಕಾಯಿಸಿಕೊಂಡು ಸ್ನಾನ ಮಾಡುತ್ತಿದ್ದಳು.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ವಾರ್ಡಿನಲ್ಲಿ ಕೂರಲು ಒಂದು ಕುರ್ಚಿಯೇನೋ ಇತ್ತು, ಆದರೆ ಕೂತ ಕೂಡಲೇ ಯಾವುದಾದರೊಂದು ಹಾಸಿಗೆಯಿಂದ ಗಂಟೆ ಕೇಳಿಸುತ್ತಿತ್ತು. ಮನೆಯಲ್ಲಿ ಗಂಟೆ ಇರಲಿಲ್ಲ, ಅದರ ಬದಲು 'ಸ್ವಲ್ಪ' ಎಂಬ ಮಾತಿತ್ತು. ಸ್ವಲ್ಪ ನೀರು ಕೊಡೇ. ಸ್ವಲ್ಪ ನನ್ನ ಕನ್ನಡಕ ಎಲ್ಲಿದೆ ನೋಡಮ್ಮ. ಮೊದಲನೆಯದು ಗಂಡ, ಎರಡನೆಯದು ಅತ್ತೆ. ಇಬ್ಬರೂ ಕೆಟ್ಟವರಲ್ಲ. ಅವಳು ಎದ್ದುಹೋಗುವುದು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೆ.

ಹತ್ತು ತಿಂಗಳ ಹಿಂದೆ ಸಂಜೆಯ ಹೊತ್ತಿಗೆ ಒಂದು ಹೊಸ ಧಾರಾವಾಹಿ ಶುರುವಾಯಿತು. ಆ ಹೊತ್ತಿಗೆ ಅವಳಿಗೆ ಡ್ಯೂಟಿ. ಟಿವಿಯ ಕೆಳಗಿನ ಸೆಟ್‌ಟಾಪ್ ಬಾಕ್ಸಿನಲ್ಲಿ ದಿನಾ ರೆಕಾರ್ಡ್ ಆಗುವ ಹಾಗೆ ಇಟ್ಟಳು. ವಾರದ ರಜೆಯ ದಿನವೂ ಅದನ್ನು ಹಾಕಿ ನೋಡಲಿಲ್ಲ. ಚೂರುಪಾರು ನೋಡುವುದು ಬೇಡ, ಪೂರ್ತಿ ಮುಗಿದ ಮೇಲೆ ರಜೆ ಹಾಕಿ ಮೊದಲಿನಿಂದ ಕೂತು ನೋಡುತ್ತೇನೆ ಎಂದು ಹಟ ಹಿಡಿದಳು. ಅವಳು ಬಂದರೆ ವಾರ್ಡಿನ ನರ್ಸುಗಳು ಧಾರಾವಾಹಿಯ ಮಾತು ಅರ್ಧಕ್ಕೇ ನುಂಗುತ್ತಿದ್ದರು. ಅತ್ತೆ ಪ್ರತಿದಿನ ನೋಡುತ್ತಿದ್ದರು. ಬಾಯಲ್ಲಿ ಒಂದು ಮಾತು ನಿಲ್ಲದ ಹೆಂಗಸು, ಸೊಸೆಗಾಗಿ ಹತ್ತು ತಿಂಗಳು ಕತೆಯ ಒಂದೆಳೆ ಬಿಟ್ಟುಕೊಡಲಿಲ್ಲ.

ಧಾರಾವಾಹಿ ಇನ್ನೂರ ಹನ್ನೆರಡು ಕಂತಿಗೆ ಮುಗಿಯಿತು. ಬೇಡಿ ಬೇಡಿ ಹದಿನಾಲ್ಕು ದಿನದ ರಜೆ ಸಿಕ್ಕಿತು. ಅವಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಲೆಕ್ಕ ಬರೆದಳು: ದಿನಕ್ಕೆ ಹದಿನೈದು, ಕೊನೆಯ ದಿನ ಹದಿನೇಳು. ಆಮೇಲೆ ಗಂಡನನ್ನೂ ಅತ್ತೆಯನ್ನೂ ಎದುರಿಗೆ ಕೂರಿಸಿಕೊಂಡಳು.

"ಧಾರಾವಾಹಿ ಓಡ್ತಿರೋವಾಗ ಯಾರೂ ನನ್ನ ಎಬ್ಬಿಸಬಾರದು. ಏನೇ ಬೇಕಾದ್ರೂ ನೀವೇ ಎದ್ದು ತಗೋಬೇಕು."

ಇಬ್ಬರೂ ತಲೆಯಾಡಿಸಿದರು.

ರಜೆಗೆ ಮುಂಚಿನ ದಿನ ಮಧ್ಯಾಹ್ನ ರೀಸೆಟ್ ಬೇಗ ಮನೆಗೆ ಬಂದ. ಎಲ್ಲ ಸರಿಯಾಗಿದೆಯೋ ನೋಡೋಣ ಎಂದು ಮೊದಲ ಕಂತು ಹಾಕಿದ. ಚಿತ್ರ ಎರಡು ನಿಮಿಷಕ್ಕೊಮ್ಮೆ ಗಕ್ಕನೆ ನಿಲ್ಲುತ್ತಿತ್ತು. ಪಾಪ, ಹೀಗೆ ನಿಂತು ನಿಂತು ಓಡಿದರೆ ಅವಳಿಗೆ ಬೇಜಾರಾಗುತ್ತದೆ ಎಂದುಕೊಂಡ. ರಿಮೋಟ್ ಹಿಡಿದು ಒಳಗೊಳಗೆ ಹುಡುಕುತ್ತಾ ಹೋದರೆ ಕಟ್ಟಕಡೆಗೆ ಅವನ ಪ್ರೀತಿಯ ಪದವೇ ಎದುರಾಯಿತು. ಅದರ ಕೆಳಗೆ ಸಣ್ಣಕ್ಷರದಲ್ಲಿ ಏನೋ ನಾಲ್ಕು ಸಾಲು, ಹೌದು ಅಥವಾ ಇಲ್ಲ ಎಂಬ ಪ್ರಶ್ನೆ. ರೀಸೆಟ್ ಮಾಡುವವನು ಅದನ್ನೆಲ್ಲ ಓದುತ್ತಾ ಕೂರುತ್ತಾನೆಯೇ? ಹೌದು ಒತ್ತಿದ.

ಬಾಕ್ಸು ಆರಿ ಹತ್ತಿಕೊಂಡಿತು. ಚಿತ್ರ ಕನ್ನಡಿಯ ಹಾಗೆ ಸ್ವಚ್ಛ. ರೆಕಾರ್ಡಿಂಗಿನ ಪಟ್ಟಿ ತೆರೆದ. ಖಾಲಿ.

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಗೀಸರಿನ ಗುಂಡಿ ಒತ್ತಿದರೆ ಒಳಗಿನ ನೀರು ಒಂದು ತೊಟ್ಟೂ ಕಡಿಮೆಯಾಗುವುದಿಲ್ಲ. ಇದೆಂಥ ದರಿದ್ರ ಯಂತ್ರ, ಸರಿ ಮಾಡು ಎಂದರೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿಬಿಡುತ್ತದೆಯಲ್ಲ ಎಂದು ಮೈಯೆಲ್ಲ ಉರಿಯಿತು. ಕಂಪನಿಗೆ ಫೋನ್ ಮಾಡಿದ. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬಳು ಹುಡುಗಿ ಮಾತಾಡಿದಳು.

"ಸರ್, ಬಾಕ್ಸ್ ಒಂದ್ಸಲ ರೀಸೆಟ್ ಮಾಡಿ ನೋಡಿದ್ರಾ?"

"ಮಾಡಿದ್ದಕ್ಕೇ ನಿಮಗೆ ಫೋನ್ ಮಾಡಿರೋದು ತಾಯಿ. ರೆಕಾರ್ಡಿಂಗ್ ಎಲ್ಲ ಹೋಯ್ತು."

"ಅದು ಹೋಗತ್ತೆ ಸರ್. ಸ್ಕ್ರೀನ್ ಮೇಲೆ ಕೇಳಿರತ್ತಲ್ಲ."

"ವಾಪಸ್ ತರೋದು ಹೇಗೆ?"

"ಬರಲ್ಲ ಸರ್. ಈಗ ಚಿತ್ರ ಚೆನ್ನಾಗಿ ಬರ್ತಿದೆಯಾ?"

"ಬರ್ತಿದೆ."

"ಹಾಗಾದ್ರೆ ಬಾಕ್ಸ್ ಸರಿಯಾಗೇ ಇದೆ ಸರ್. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?"

ಫೋನಿನಲ್ಲಿ ಹುಡುಕಿದ. ಚಾನೆಲ್ಲಿನವರು ಕೊನೆಯ ಹತ್ತು ಕಂತು ಮಾತ್ರ ಇಟ್ಟಿದ್ದರು. ತಲೆ ಇಲ್ಲದ ಬಾಲ ಕಟ್ಟಿಕೊಂಡು ಏನು ಮಾಡುವುದು? ಮೂಲೆಯಲ್ಲಿ ಕೂತಿದ್ದ ತಾಯಿ ಎಲ್ಲ ಕೇಳಿಸಿಕೊಂಡು ಹಣೆ ಹಣೆ ಚಚ್ಚಿಕೊಂಡರು. "ನಾನು ಹತ್ತು ತಿಂಗಳು ಬಾಯಿ ಕಟ್ಟಿ ಕೂತಿದ್ದು ಇದಕ್ಕೇನೋ?"

ರಾತ್ರಿ ಹೆಂಡತಿ ಮನೆಗೆ ಬಂದಳು. ಚಪ್ಪಲಿ ಬಿಡುವಾಗಲೇ ಮುಖದಲ್ಲಿ ರಜೆಯ ಕಳೆ ಇತ್ತು. ಅವನು ಸುತ್ತಿಬಳಸದೆ ಹೇಳಿಬಿಟ್ಟ. ಅವಳು ರಿಮೋಟ್ ತೆಗೆದುಕೊಂಡು ಖಾಲಿ ಪಟ್ಟಿಯನ್ನು ಒಮ್ಮೆ ನೋಡಿ, ರಿಮೋಟನ್ನು ಅದರ ಜಾಗದಲ್ಲೇ ಇಟ್ಟು ಕುರ್ಚಿಯಲ್ಲಿ ಕೂತಳು.

"ಅಮ್ಮಂಗೆ ಕತೆ ಪೂರ್ತಿ ಗೊತ್ತು, ಹೇಳ್ತಾರೆ" ಎಂದ.

"ಕತೆ ಹಾಳಾಗಿ ಹೋಗಲಿ ರೀ. ನಾನು ಹತ್ತು ತಿಂಗಳಿಂದ ಕೂತ್ಕೊಳ್ಳೋದನ್ನ ಕೂಡಿಟ್ಟಿದ್ದೆ. ಧಾರಾವಾಹಿ ಇದ್ದಿದ್ರೆ ನನ್ನ ಎಬ್ಬಿಸ್ತಿರಲಿಲ್ಲ. ಬರೀ ಕೂತಿರೋವಳನ್ನ ಯಾರು ಸುಮ್ಮನೆ ಬಿಡ್ತಾರೆ?"

"ಯಾರೂ ಎಬ್ಬಿಸಲ್ಲ ಕಣೇ. ನನ್ನಾಣೆ. ಹದಿನಾಲ್ಕು ದಿನ ಹೀಗೇ ಕೂತಿರು."

"ಕೆಟ್ಟಿರೋ ಗೀಸರ್ ನೋಡೋಕೆ ಮೂರು ತಿಂಗಳಿಂದ ಪುರುಸೊತ್ತಿಲ್ಲ. ಇದಕ್ಕೆ ಕೈ ಹಾಕೋಕೆ ಪುರುಸೊತ್ತಿತ್ತು" ಎಂದು ಅವಳು ಕಣ್ಣೊರೆಸಿಕೊಂಡಳು.

ಆ ಮಾತು ನಾಟಿತು. ಅವನು ತಕ್ಷಣ ಸ್ಟೂಲ್ ಎಳೆದುಕೊಂಡು ಬಚ್ಚಲಿಗೆ ನಡೆದ. ಇವತ್ತು ಇವಳು ನೀರು ಕಾಯಿಸಲು ಏಳಬಾರದು, ಅಷ್ಟಾದರೂ ಮಾಡುತ್ತೇನೆ ಎಂದು ಹಲ್ಲು ಕಚ್ಚಿ ಮುಚ್ಚಳ ಬಿಚ್ಚಿದ. ಮೂರು ತಿಂಗಳ ಧೂಳು ಕಣ್ಣಿಗೆ ಬಿತ್ತು. ಒಳಗೆ ಕತ್ತಲೆ. ಒಂದು ಕೈಯಲ್ಲಿ ಮುಚ್ಚಳ, ಇನ್ನೊಂದರಲ್ಲಿ ಸ್ಕ್ರೂಡ್ರೈವರ್. ತಡಕಾಡಿದರೂ ಗುಂಡಿ ಸಿಗಲಿಲ್ಲ.

"ಸ್ವಲ್ಪ ಆ ಟಾರ್ಚ್ ತಂದ್ಕೊಡೇ" ಎಂದು ಕೂಗಿದ.

ಹೊರಗೆ ಕುರ್ಚಿ ಸರಿದ ಸದ್ದಾಯಿತು. ಅವಳು ಬಾಗಿಲಿಗೆ ಬಂದು ಟಾರ್ಚನ್ನು ಅವನತ್ತ ಚಾಚುವವರೆಗೂ ತಾನು ಏನೆಂದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಹೊಳೆದಾಗ ಸ್ಟೂಲಿನ ಮೇಲೆ ಹಾಗೇ ನಿಂತುಬಿಟ್ಟ. ಅವಳು ಕೂತು ಐದು ನಿಮಿಷ ಆಗಿರಲಿಲ್ಲ.

"ಇನ್ನೇನಾದ್ರೂ ಬೇಕಾ?" ಎಂದಳು ಹೆಂಡತಿ. "ಹೇಗೂ ಎದ್ದಿದ್ದೀನಲ್ಲ, ಈಗಲೇ ಹೇಳಿಬಿಡಿ."